‘ಸ್ಲೋ-ಮೋ-ಶನ್ 4’ ಅನ್ನು 1:8 ಅಳತೆಯಲ್ಲಿ ಕಟ್ಟುವುದು: ಮರವೋ, ಪ್ರಿಂಟೋ, ಯಾವ ವರ್ಷದ ದೋಣಿಯೋ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಬಾಲ್ಸಾ ಮರದ ಗ್ಲೈಡರ್‌ಗಳನ್ನು ಕಟ್ಟಿ ಕೈ ಸ್ವಲ್ಪ ಪಳಗಿದೆ. ರೇಡಿಯೊ ನಿಯಂತ್ರಣದ ಸಾದಾ ದೋಣಿಯೊಂದನ್ನೂ ಓಡಿಸಿದ್ದೇನೆ. ಈಗ ಮನಸ್ಸೆಲ್ಲ ಹಳೆಯ ರೇಸಿಂಗ್ ಹೈಡ್ರೋಪ್ಲೇನ್‌ಗಳ (ನೀರಿನ ಮೇಲ್ಮೈಯನ್ನು ಸವರುತ್ತಾ ಓಡುವ ವೇಗದ ದೋಣಿಗಳು) ಮೇಲಿದೆ, ಅದರಲ್ಲೂ ಅಮೆರಿಕದ ಸಿಯಾಟಲ್‌ನ ‘ಸ್ಲೋ-ಮೋ-ಶನ್ 4’ ಮೇಲೆ. ಅಸಲು ದೋಣಿ ಸುಮಾರು 28 ಅಡಿ ಉದ್ದ. 1:8 ಅಳತೆಗೆ ಇಳಿಸಿದರೆ ಮೂರೂವರೆ ಅಡಿಯಾಗುತ್ತದೆ, ನನ್ನ ಮೇಜಿನ ಮೇಲೆ ಹಿಡಿಸುತ್ತದೆ.

ಮರದಲ್ಲಿ ಕಟ್ಟಲೋ, ತ್ರೀಡಿ ಪ್ರಿಂಟರ್‌ನಲ್ಲಿ ತೆಗೆಯಲೋ? ಕಪಾಟಿನಲ್ಲಿಡುವ ಮಾದರಿಯೇ ನೀರಿಗೂ ಇಳಿಯುವಂತೆ ಕಟ್ಟಲು ಸಾಧ್ಯವೇ? ಇನ್ನೊಂದು ತೊಡಕೂ ಇದೆ. ನನಗೆ ಸಿಕ್ಕಿರುವ ಚಿತ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದರಲ್ಲಿ ಕಾಣುವ ಭಾಗ ಇನ್ನೊಂದರಲ್ಲಿ ಇಲ್ಲ. ಯಾವುದನ್ನು ನಂಬಬೇಕು?

ಹಳೇ ಲೇತ್, ಬೆಂಗಳೂರು

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ ತಮ್ಮಾ, ಉಳಿದ ಎರಡೂ ಅದರ ಮೇಲೆ ನಿಂತಿವೆ.

ಆ ಚಿತ್ರಗಳನ್ನೆಲ್ಲ ನಂಬಬಹುದು. ಅವು ಬೇರೆ ಬೇರೆ ದಿನಗಳವು, ಅಷ್ಟೆ. ರೇಸಿನ ದೋಣಿ ಹುಟ್ಟಿದ ರೂಪದಲ್ಲೇ ಉಳಿಯುವುದಿಲ್ಲ. ಋತು ಮುಗಿದ ಮೇಲೆ ಅದನ್ನು ಬಿಚ್ಚುತ್ತಾರೆ, ಎಕ್ಸಾಸ್ಟ್ ಕೊಳವೆ ಬದಲಿಸುತ್ತಾರೆ, ಇಂಜಿನ್ ಮುಚ್ಚಳಕ್ಕೆ ಹೊಸ ಗಾಳಿಕಿಂಡಿ ಕೊರೆಯುತ್ತಾರೆ, ಹೆಸರನ್ನು ಹೊಸದಾಗಿ ಬರೆಸುತ್ತಾರೆ. ಅಪಘಾತವಾದರೆ ಅರ್ಧ ದೋಣಿಯೇ ಹೊಸದಾಗುತ್ತದೆ. ಹಾಗಾಗಿ ‘ಸ್ಲೋ-ಮೋ-ಶನ್ 4 ಕಟ್ಟುತ್ತೇನೆ’ ಎಂದರೆ ಅದು ಅರ್ಧ ನಿರ್ಧಾರ ಮಾತ್ರ. ಮೊದಲು ದಿನ ಗೊತ್ತುಮಾಡಿಕೊಳ್ಳಿ. ನೀರಿನ ಮೇಲಿನ ವೇಗದ ದಾಖಲೆ ಬರೆದ 1950ರ ಜೂನ್ 26ರ ದೋಣಿಯೋ, ಅದೇ ದಾಖಲೆಯನ್ನು ತಾನೇ ಮುರಿದ 1952ರ ದೋಣಿಯೋ, ಡೆಟ್ರಾಯಿಟ್‌ನಲ್ಲಿ ಒಡೆದುಹೋಗುವ ಮೊದಲಿನ 1956ರ ದೋಣಿಯೋ? ದಿನ ಗೊತ್ತಾದ ಮೇಲೆ ಅದಕ್ಕೆ ಸೇರದ ಚಿತ್ರಗಳನ್ನೆಲ್ಲ ಬೇರೆ ಕಡತಕ್ಕೆ ಹಾಕಿ. ಎಷ್ಟೇ ಸ್ಪಷ್ಟವಾಗಿದ್ದರೂ ಅವುಗಳಿಂದ ಅಳತೆ ತೆಗೆಯಬೇಡಿ.

ಒಂದು ವರ್ಷದ ಮೂತಿ, ಇನ್ನೊಂದು ವರ್ಷದ ಬಾಲ, ಮತ್ತೊಂದು ವರ್ಷದ ಅಕ್ಷರ ಸೇರಿಸಿ ಕಟ್ಟಿದ ಮಾದರಿಗಳನ್ನು ಬಹಳ ನೋಡಿದ್ದೇನೆ. ಕೆಲಸ ಎಷ್ಟೇ ನಯವಾಗಿದ್ದರೂ ಅಂಥ ದೋಣಿ ಎಂದೂ ನೀರಿಗಿಳಿದಿರಲಿಲ್ಲ. ಅದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸರೋವರದ ದಡ, ಸಿಯಾಟಲ್

ಹಳೇ ಲೇತ್ ಅವರ ಮಾತಿಗೆ ನನ್ನದೂ ಒಪ್ಪಿಗೆ. ನಾನಿರುವ ಊರಿನ ದೋಣಿ ಇದು. ವಾಷಿಂಗ್ಟನ್ ಸರೋವರದ ಪಕ್ಕದಲ್ಲೇ ಮನೆ ಇರುವುದರಿಂದ ಇದರ ಕತೆ ಕಿವಿಗೆ ಬೀಳುತ್ತಲೇ ಇರುತ್ತದೆ. ಹೊಸಬರಿಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮಾಲೀಕ ಸ್ಟ್ಯಾನ್ಲಿ ಸೇರ್ಸ್, ವಿನ್ಯಾಸಕಾರ ಟೆಡ್ ಜೋನ್ಸ್, ಕಟ್ಟಿದವರು ಆಂಕರ್ ಜೆನ್ಸನ್. 1950ರ ಜೂನ್ 26ರಂದು ಸೇರ್ಸ್ ಇದೇ ಸರೋವರದ ಮೇಲೆ ಗಂಟೆಗೆ 160.323 ಮೈಲು, ಅಂದರೆ 258 ಕಿಲೋಮೀಟರ್ ವೇಗ ಮುಟ್ಟಿದರು. ಅದಕ್ಕೆ ಮೊದಲಿನ ದಾಖಲೆ ಇಂಗ್ಲೆಂಡಿನ ಮಾಲ್ಕಂ ಕ್ಯಾಂಪ್‌ಬೆಲ್ ಅವರದು: 1939ರಲ್ಲಿ ಕಾನಿಸ್ಟನ್ ಸರೋವರದಲ್ಲಿ 141.74 ಮೈಲು. ಹನ್ನೊಂದು ವರ್ಷ ಯಾರೂ ಮುಟ್ಟದ ಅಂಕಿಯನ್ನು ಒಂದೇ ನೆಗೆತಕ್ಕೆ ಹದಿನೆಂಟು ಮೈಲಿಗಿಂತ ಹೆಚ್ಚಿನ ಅಂತರದಿಂದ ದಾಟಿದರು. ಮರುತಿಂಗಳು ಟೆಡ್ ಜೋನ್ಸ್ ಅದೇ ದೋಣಿಯನ್ನು ಡೆಟ್ರಾಯಿಟ್‌ನಲ್ಲಿ ಓಡಿಸಿ ಅಮೆರಿಕದ ದೋಣಿ ರೇಸಿನ ದೊಡ್ಡ ಪ್ರಶಸ್ತಿಯಾದ ಗೋಲ್ಡ್ ಕಪ್ ಗೆದ್ದರು. ಗೆದ್ದವರ ಊರಿನಲ್ಲೇ ಮುಂದಿನ ವರ್ಷದ ಸ್ಪರ್ಧೆ ನಡೆಯುತ್ತಿದ್ದುದರಿಂದ 1951ರಲ್ಲಿ ಗೋಲ್ಡ್ ಕಪ್ ಸಿಯಾಟಲ್‌ಗೆ ಬಂತು. ಆಗ ಈ ಊರಿಗೆ ಹಿಡಿದ ಹುಚ್ಚು ಎಂಥದೆಂದರೆ, ಮಕ್ಕಳು ಹಲಗೆಯಲ್ಲಿ ಪುಟ್ಟ ಹೈಡ್ರೋಪ್ಲೇನ್ ಮಾಡಿ ಸೈಕಲ್ಲಿನ ಹಿಂದೆ ಹಗ್ಗ ಕಟ್ಟಿ ಬೀದಿಬೀದಿಯಲ್ಲಿ ಎಳೆಯುತ್ತಿದ್ದರಂತೆ. ಈ ಮಾದರಿ ಕಟ್ಟುವ ಕಲೆಯ ಮೊದಲ ಕುಡಿ ಅಲ್ಲಿಯೇ ಒಡೆಯಿತು ಎಂದು ನಾನು ನಂಬಿದ್ದೇನೆ.

ಅಸಲು ದೋಣಿ ಇಲ್ಲಿನ ಇತಿಹಾಸ ಮತ್ತು ಕೈಗಾರಿಕಾ ಸಂಗ್ರಹಾಲಯದಲ್ಲಿದೆ. ಎತ್ತರದಲ್ಲಿ ತೂಗುಹಾಕಿರುವುದರಿಂದ ಕೆಳಗೆ ನಿಂತು ಅಡಿಭಾಗವನ್ನು ನೋಡಬಹುದು. ಹಳೆಯ ಫೋಟೊಗಳಲ್ಲಿ ಸಾಮಾನ್ಯವಾಗಿ ಸಿಗದ ನೋಟ ಅದು. ಆದರೆ ನೆನಪಿರಲಿ, ಅಲ್ಲಿರುವುದು 1956ರ ಅಪಘಾತದ ನಂತರ ರಿಪೇರಿಯಾದ ದೋಣಿ. ನೀವು 1950 ಆರಿಸಿಕೊಂಡರೆ ಅಡಿಯ ಒಟ್ಟು ಆಕಾರಕ್ಕೆ ಮಾತ್ರ ಅದನ್ನು ನೋಡಿ. ಮೇಲ್ಭಾಗದ ವಿವರಕ್ಕೆ ಆ ಕಾಲದ ಪತ್ರಿಕಾ ಚಿತ್ರಗಳೇ ಗತಿ. ಸಿಯಾಟಲ್ ಹತ್ತಿರದ ಕೆಂಟ್ ಎಂಬ ಊರಿನಲ್ಲಿ ಹೈಡ್ರೋಪ್ಲೇನ್‌ಗಳಿಗೆಂದೇ ಒಂದು ಸಂಗ್ರಹಾಲಯವಿದೆ. ಅಲ್ಲಿ ಹಳೆಯ ದೋಣಿಗಳನ್ನು ಮೊದಲಿನ ಸ್ಥಿತಿಗೆ ತಂದು ನೀರಿನಲ್ಲಿ ಓಡಿಸುತ್ತಾರೆ. ಮುಂದಿನ ಸಲ ಹೋದಾಗ ಸ್ಪಾನ್ಸನ್‌ಗಳ ಚಿತ್ರ ತೆಗೆದು ಕಳಿಸುತ್ತೇನೆ.

ತುಂಗಾತೀರ

ತುಂಬಾ ಧನ್ಯವಾದ ಮೇಡಂ. ಸ್ಪಾನ್ಸನ್ ಎಂದಿರಲ್ಲ, ಅದು ಮುಂದುಗಡೆ ಎರಡು ಬದಿಗೂ ಚಾಚಿಕೊಂಡಿರುವ ಭಾಗ ಎಂದು ಗೊತ್ತು. ಅದರ ಅಡಿ ಎಷ್ಟು ಕೋನದಲ್ಲಿರಬೇಕು ಎಂಬುದು ಮಾತ್ರ ಯಾವ ಚಿತ್ರದಿಂದಲೂ ತಿಳಿಯುತ್ತಿಲ್ಲ.

ಕಡಲತಡಿ, ಮಂಗಳೂರು

ಕೋನಕ್ಕೆ ಬರುವ ಮೊದಲು ದೋಣಿ ಏಕೆ ಹಾಗಿದೆ ಎಂಬುದು ಸ್ಪಷ್ಟವಾಗಲಿ. ಪೂರ್ಣ ವೇಗದಲ್ಲಿ ಹೈಡ್ರೋಪ್ಲೇನ್ ನೀರನ್ನು ಮುಟ್ಟುವುದು ಮೂರೇ ಕಡೆ: ಎರಡು ಸ್ಪಾನ್ಸನ್‌ಗಳ ಹಿಂಬದಿಯ ಅಂಚು ಮತ್ತು ಹಿಂದಿನ ಪ್ರೊಪೆಲ್ಲರ್. 1930ರ ದಶಕದಲ್ಲಿ ನ್ಯೂಜೆರ್ಸಿಯ ವೆಂಟ್ನರ್ ಕಾರ್ಖಾನೆ ಈ ಮೂರು ಬಿಂದುಗಳ ವಿನ್ಯಾಸವನ್ನು ಬಳಕೆಗೆ ತಂದಾಗ ದೋಣಿಯ ಹಿಂಭಾಗದ ತಳ ಇನ್ನೂ ನೀರಿಗೆ ಒರಗಿಕೊಂಡೇ ಓಡುತ್ತಿತ್ತು. ಸ್ಲೋ-ಮೋ-ಶನ್ 4 ಆ ತಳವನ್ನೂ ಮೇಲೆತ್ತಿತು. ಹಿಂಭಾಗದ ಭಾರವನ್ನು ಪ್ರೊಪೆಲ್ಲರೇ ಹೊತ್ತಿತು, ಅದೂ ಅರ್ಧ ನೀರಿನೊಳಗೆ, ಅರ್ಧ ಗಾಳಿಯಲ್ಲಿ ತಿರುಗುತ್ತಾ. ಹಿಂದೆ ಎದ್ದು ನಿಲ್ಲುವ ಆ ನೀರಿನ ಬಾಲಕ್ಕೆ ಕಾರಣ ಇದೇ. ಜೊತೆಗೆ ಎರಡು ಸ್ಪಾನ್ಸನ್‌ಗಳ ನಡುವೆ ಸಿಕ್ಕಿಬೀಳುವ ಗಾಳಿಯೂ ಒಡಲನ್ನು ಎತ್ತುತ್ತದೆ.

ಇದನ್ನೇಕೆ ಹೇಳಿದೆ ಎಂದರೆ, ನೀರಿಗಿಳಿಸುವ ಮಾದರಿಯಾದರೆ ಅಂದಕ್ಕಾಗಿ ಒಂದು ಮಿಲಿಮೀಟರ್ ಕೂಡ ಬದಲಿಸುವಂತಿಲ್ಲದ ಜಾಗಗಳು ಈ ಮೂರೇ. ಸ್ಪಾನ್ಸನ್‌ನ ಅಡಿಯನ್ನು ಎರಡರಿಂದ ನಾಲ್ಕು ಡಿಗ್ರಿಯ ನಡುವೆ ಇಟ್ಟು ಶುರು ಮಾಡಿ. ಎಡಬಲ ಕೋನ ಒಂದೇ ಇರಬೇಕು, ಹಿಂಬದಿಯ ಅಂಚು ಚೂಪಾಗಿರಬೇಕು. ಬಣ್ಣ ಬಳಿಯುವಾಗ ಆ ಅಂಚು ದುಂಡಾದರೆ ನೀರು ಅಲ್ಲಿಂದ ಬಿಡಿಸಿಕೊಳ್ಳುವುದೇ ಇಲ್ಲ, ದೋಣಿ ಅಂಟಿಕೊಂಡೇ ಓಡುತ್ತದೆ. ಭಾರದ ಕೇಂದ್ರ ಆ ಅಂಚಿಗಿಂತ ತುಸು ಹಿಂದೆ ಬರಲಿ. ಹಿಂದಕ್ಕೆ ಹೆಚ್ಚು ಸರಿದರೆ ಮೂತಿ ಎದ್ದು ಮಗುಚುತ್ತದೆ. ಮುಂದಕ್ಕೆ ಸರಿದರೆ ಹಿಂಭಾಗ ಕುಣಿಯುತ್ತದೆ. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಲು ಬರುವಂತೆ ಹಳಿ ಮಾಡಿಟ್ಟುಕೊಳ್ಳಿ, ಅರ್ಧ ತಲೆನೋವು ಅಲ್ಲೇ ಕಳೆಯುತ್ತದೆ.

ಪದರ ಪದರ, ಮೈಸೂರು

ಇಷ್ಟು ನಿಖರತೆ ಬೇಕೆಂದರೆ ಪ್ರಿಂಟರ್ ಏಕೆ ಬೇಡ? ಕಂಪ್ಯೂಟರ್‌ನಲ್ಲಿ ಮೂರು ಡಿಗ್ರಿ ಎಂದು ಕೊಟ್ಟರೆ ಮೂರೇ ಡಿಗ್ರಿ ಬರುತ್ತದೆ. ಎಡದ ಸ್ಪಾನ್ಸನ್ನನ್ನು ಕನ್ನಡಿಯಲ್ಲಿ ತಿರುಗಿಸಿದರೆ ಬಲದ್ದು ಸಿದ್ಧ. ಮರದಲ್ಲಿ ಎರಡನ್ನೂ ಒಂದೇ ಸಮ ಮಾಡಲು ತಿಂಗಳುಗಟ್ಟಲೆ ಉಜ್ಜಬೇಕು. ಇಂಜಿನ್ನನ್ನೂ ನೋಡಿ. ಇದರಲ್ಲಿದ್ದುದು ಆಲಿಸನ್ ವಿ-1710, ಯುದ್ಧವಿಮಾನಕ್ಕೆಂದು ಮಾಡಿದ ಹನ್ನೆರಡು ಸಿಲಿಂಡರಿನ ಇಂಜಿನ್. ಅದರ ಕವಾಟದ ಮುಚ್ಚಳ, ಕೊಳವೆಗಳ ಬಾಯಿ, ಬೋಲ್ಟ್ ತಲೆಗಳನ್ನು ರೆಸಿನ್ ಪ್ರಿಂಟರ್‌ನಷ್ಟು ಚೊಕ್ಕವಾಗಿ ಕೈಯಲ್ಲಿ ತೆಗೆಯುವುದು ಕಷ್ಟ. ತುಂಗಾತೀರ ಅವರೇ, ಹಳಬರ ಮಾತಿಗೆ ಹೆದರಬೇಡಿ, ಧೈರ್ಯವಾಗಿ ಪ್ರಿಂಟ್ ಮಾಡಿ.

ಹಳೇ ಲೇತ್

ಇಂಜಿನ್ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಒಡಲಿನ ವಿಷಯದಲ್ಲಿ ನಾನು ಒಪ್ಪುವುದಿಲ್ಲ, ಇದು ಹಳಬರ ಹಠವೂ ಅಲ್ಲ.

ಅಸಲು ದೋಣಿ ಮರದ ಚೌಕಟ್ಟುಗಳ ಮೇಲೆ ಪ್ಲೈವುಡ್ ಬಗ್ಗಿಸಿ ಕಟ್ಟಿದ್ದು. ಪ್ಲೈವುಡ್ ಒಂದು ದಿಕ್ಕಿಗೆ ಬಾಗುತ್ತದೆ, ಎರಡು ದಿಕ್ಕಿಗೆ ಒಟ್ಟಿಗೆ ಬಾಗುವುದಿಲ್ಲ. ಆ ದೋಣಿಯ ಪ್ರತಿ ತಿರುವೂ ಈ ಮಿತಿಯೊಳಗೆ ಹುಟ್ಟಿದ ತಿರುವು. ನೀವು ಒಂದೂವರೆ ಮಿಲಿಮೀಟರಿನ ಬರ್ಚ್ ಪ್ಲೈ ತೆಗೆದುಕೊಂಡು ಚೌಕಟ್ಟಿನ ಮೇಲೆ ಬಗ್ಗಿಸಿದರೆ ಅದು ತಾನಾಗಿ ಅದೇ ತಿರುವನ್ನು ಹಿಡಿಯುತ್ತದೆ. ಕಂಪ್ಯೂಟರ್‌ನಲ್ಲಿ ಫೋಟೊ ನೋಡಿ ಎಳೆದ ಮೈ ಸ್ವಲ್ಪ ಉಬ್ಬಿದರೂ ತಗ್ಗಿದರೂ ಪ್ರಿಂಟರ್ ಅದನ್ನು ಹಾಗೆಯೇ ಮುದ್ರಿಸಿಕೊಡುತ್ತದೆ. ತಪ್ಪಾಗಿದೆ ಎಂದು ಹೇಳುವುದಿಲ್ಲ. ಪ್ಲೈ ಹೇಳುತ್ತದೆ: ಚೌಕಟ್ಟು ತಪ್ಪಿದ್ದರೆ ಹಾಳೆ ಕೂರುವುದಿಲ್ಲ.

ಮರದ ಬಲದ ಬಗ್ಗೆ ಸಂದೇಹವಿದ್ದರೆ ಆಸ್ಟ್ರೇಲಿಯದ ಕೆನ್ ವಾರ್ಬಿ ಅವರನ್ನು ನೆನೆಯಿರಿ. ಸಿಡ್ನಿಯ ಮನೆಯ ಹಿತ್ತಲಲ್ಲಿ ಮರ ಮತ್ತು ಫೈಬರ್‌ಗ್ಲಾಸ್‌ನಿಂದ ಕಟ್ಟಿದ ‘ಸ್ಪಿರಿಟ್ ಆಫ್ ಆಸ್ಟ್ರೇಲಿಯಾ’ದಲ್ಲಿ ಹಳೆಯ ಜೆಟ್ ಇಂಜಿನ್ ಇಟ್ಟು 1978ರ ಅಕ್ಟೋಬರ್ 8ರಂದು ಬ್ಲೋವರಿಂಗ್ ಜಲಾಶಯದಲ್ಲಿ ಗಂಟೆಗೆ 511 ಕಿಲೋಮೀಟರ್ ಓಡಿಸಿದರು.

ಕಟ್ಟುವ ಕ್ರಮ ಹೀಗಿರಲಿ. ಸಮತಟ್ಟಾದ ಹಲಗೆ ಹುಡುಕುತ್ತಾ ಅಲೆಯಬೇಡಿ. ಅಡುಗೆಮನೆಗೆ ಗ್ರಾನೈಟ್ ಕತ್ತರಿಸುವವರ ಬಳಿ ಉಳಿಕೆ ತುಂಡು ಸಿಗುತ್ತದೆ. ನಾಲ್ಕಡಿಯ ತುಂಡು ತಂದು ಮೇಜಿನ ಮೇಲಿಡಿ. ಮಳೆಗಾಲಕ್ಕೂ ಬೇಸಿಗೆಗೂ ಅದು ಸೊಟ್ಟಗಾಗುವುದಿಲ್ಲ. ಮೇಲೆ ಪಾಲಿಥಿನ್ ಹಾಳೆ ಹಾಸಿ, ಎಪಾಕ್ಸಿ ಅದಕ್ಕೆ ಹಿಡಿಯುವುದಿಲ್ಲ. ದೋಣಿಯನ್ನು ಬೋರಲಾಗಿ ಕಟ್ಟಿ. ಚೌಕಟ್ಟುಗಳಿಗೆ ಮೂರು ಮಿಲಿಮೀಟರ್ ಪ್ಲೈ, ಮೈಗೆ ಒಂದೂವರೆ. ಎಲ್ಲ ಚೌಕಟ್ಟುಗಳ ಮಧ್ಯರೇಖೆಯನ್ನು ದಾರ ಹಿಡಿದು ನೋಡಿದ ಮೇಲೆಯೇ ಅಂಟು ಹಾಕಬೇಕು. ಒಳಗೆಲ್ಲ ತೆಳು ಎಪಾಕ್ಸಿ ಬಳಿಯಿರಿ. ಮೇಲ್ಗಡೆಯ ಹಲಗೆ ಮುಚ್ಚಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಖಾಲಿ ಜಾಗಕ್ಕೆ ಥರ್ಮಕೋಲ್ ತುಂಬಿ, ಮಗುಚಿದರೂ ತೇಲುತ್ತದೆ. ಥರ್ಮಕೋಲ್ ಹತ್ತಿರ ಎಪಾಕ್ಸಿ ಮಾತ್ರ ಬಳಸಿ, ಪಾಲಿಯೆಸ್ಟರ್ ರೆಸಿನ್ ಅದನ್ನು ಕರಗಿಸಿಬಿಡುತ್ತದೆ.

ಪದರ ಪದರ

ಪ್ಲೈವುಡ್ ತಿರುವಿನ ಮಾತು ಮನಸ್ಸಿಗೆ ನಾಟಿತು ಸರ್. ಆದರೂ ಸ್ಪಾನ್ಸನ್‌ಗಳ ವಿಷಯದಲ್ಲಿ ನನ್ನ ಮಾತನ್ನು ಬಿಡುವುದಿಲ್ಲ. ಚೌಕಟ್ಟುಗಳನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಅಚ್ಚನ್ನಾದರೂ ಪ್ರಿಂಟ್ ಮಾಡಲಿ, ಮೇಲೆ ಬೇಕಾದರೆ ಪ್ಲೈ ಹೊದಿಸಲಿ. ತುಂಗಾತೀರ ಅವರೇ, ಪ್ರಿಂಟ್ ಮಾಡಿದ ಯಾವುದನ್ನೂ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಪಿಎಲ್‌ಎ ಪ್ಲಾಸ್ಟಿಕ್ ಆದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಪಿಇಟಿಜಿ ಅಥವಾ ಎಎಸ್‌ಎ ಬಳಸಿ.

ನೀಲಿ ಹಕ್ಕಿ, ಬೆಂಗಳೂರು

ದಿನ ಗೊತ್ತುಮಾಡುವ ವಿಚಾರಕ್ಕೆ ಮರಳುತ್ತೇನೆ, ನನ್ನ ಜೀವ ಇರುವುದೇ ಅದರಲ್ಲಿ. ನಾನು ಕಟ್ಟುತ್ತಿರುವುದು ಡೊನಾಲ್ಡ್ ಕ್ಯಾಂಪ್‌ಬೆಲ್ ಅವರ ‘ಬ್ಲೂಬರ್ಡ್ ಕೆ7’, 1:12 ಅಳತೆ, ಸುಮಾರು 67 ಸೆಂಟಿಮೀಟರ್ ಉದ್ದ.

ಮಾಲ್ಕಂ ಅವರ ಮಗ ಡೊನಾಲ್ಡ್. ತಂದೆಯ ದಾಖಲೆಯನ್ನು ಸ್ಲೋ-ಮೋ-ಶನ್ ಕಸಿದ ಮೇಲೆ ಅದನ್ನು ಮರಳಿ ತರಲು ಕೆನ್ ಮತ್ತು ಲ್ಯೂ ನಾರಿಸ್ ಸಹೋದರರಿಂದ ಜೆಟ್ ದೋಣಿಯ ವಿನ್ಯಾಸ ಮಾಡಿಸಿದರು. 1955ರ ಜುಲೈ 23ರಂದು ಅಲ್ಸ್‌ವಾಟರ್‌ನಲ್ಲಿ 202.32 ಮೈಲು. ಅಲ್ಲಿಂದ 1964ರ ಡಿಸೆಂಬರ್ 31ರಂದು ಆಸ್ಟ್ರೇಲಿಯದ ಡಂಬಲ್‌ಯಂಗ್ ಸರೋವರದ 276.33 ಮೈಲಿನವರೆಗೆ ಇದೊಂದೇ ದೋಣಿ ಏಳು ದಾಖಲೆ ಬರೆಯಿತು. ಆ ಏಳೂ ಮೆಟ್ರೊಪಾಲಿಟನ್-ವಿಕರ್ಸ್ ಬೆರಿಲ್ ಇಂಜಿನ್ ಇದ್ದಾಗಿನವು. 1966ರಲ್ಲಿ ಅದನ್ನು ತೆಗೆದು ಬ್ರಿಸ್ಟಲ್ ಆರ್ಫಿಯಸ್ ಇಟ್ಟರು, ಫೋಲಂಡ್ ನ್ಯಾಟ್ ವಿಮಾನದ್ದು. ನ್ಯಾಟ್‌ನ ಲಂಬ ರೆಕ್ಕೆಯೇ ದೋಣಿಯ ಬಾಲಕ್ಕೂ ಬಂತು. ಗಾಳಿ ಹೋಗುವ ಬಾಯಿಗಳಿಗೆ ನೀರು ಸಿಡಿಯದಂತೆ ತಡೆಗಳು ಬಂದವು. ಬಾಲದಲ್ಲಿ ನ್ಯಾಟ್‌ನ ರೆಕ್ಕೆ ಇರುವ ಬ್ಲೂಬರ್ಡನ್ನು ಕಟ್ಟಿ ಕೆಳಗೆ ‘1964, ಡಂಬಲ್‌ಯಂಗ್’ ಎಂದು ಫಲಕ ಹಾಕಿದರೆ ಅದು ಸುಳ್ಳು ಹೇಳಿದಂತೆ.

ನಾನು ಆರಿಸಿಕೊಂಡಿರುವುದು 1967ರ ಜನವರಿ 4, ಕಾನಿಸ್ಟನ್. ಮೊದಲ ಓಟ 297.6 ಮೈಲು. ಹಿಂದಿರುಗಿ ಬರುವ ಓಟದಲ್ಲಿ 328ರವರೆಗೆ ಹೋಗಿ, ಮೂತಿ ಎದ್ದು, ದೋಣಿ ಹಿಮ್ಮುಖವಾಗಿ ಪಲ್ಟಿಯಾಗಿ ಕ್ಯಾಂಪ್‌ಬೆಲ್ ತೀರಿಕೊಂಡರು. ದೋಣಿಯನ್ನು ಸರೋವರದ ತಳದಿಂದ ಎತ್ತಿದ್ದು 2001ರ ಮಾರ್ಚ್‌ನಲ್ಲಿ. ದುರಸ್ತಿಯಾಗಿ ಅದು 2024ರಲ್ಲಿ ಕಾನಿಸ್ಟನ್ನಿನ ರಸ್ಕಿನ್ ಸಂಗ್ರಹಾಲಯಕ್ಕೆ ಮರಳಿತು. ಅಪಘಾತದ ಗಳಿಗೆಯನ್ನು ಮಾದರಿಯಾಗಿ ಮಾಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಆ ಬೆಳಿಗ್ಗೆ ದಡ ಬಿಟ್ಟು ಹೊರಟಾಗ ದೋಣಿ ಹೇಗಿತ್ತೋ ಹಾಗೆ ಕಟ್ಟುತ್ತಿದ್ದೇನೆ.

ಬೆಂಗಳೂರಿನವರಿಗೆ ಒಂದು ಸಂತೋಷದ ಮಾತು. ಆರ್ಫಿಯಸ್ ಇಂಜಿನ್ ನಮ್ಮ ಊರಿಗೂ ಹತ್ತಿರದ್ದು. ಎಚ್‌ಎಎಲ್ ಇಲ್ಲಿಯೇ ಪರವಾನಗಿ ಪಡೆದು ಅದನ್ನು ತಯಾರಿಸಿತು. ನಮ್ಮ ನ್ಯಾಟ್ ವಿಮಾನಗಳಲ್ಲಿ ಒಂದೊಂದು, ಕುರ್ಟ್ ಟ್ಯಾಂಕ್ ವಿನ್ಯಾಸದ ಮಾರುತ್ ವಿಮಾನದಲ್ಲಿ ಎರಡೆರಡು ಇದ್ದವು. ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಹಳೆಯ ಜೆಟ್ ಇಂಜಿನ್‌ಗಳ ಪಕ್ಕ ನಿಂತು ನೋಡಿ. ಇಂಗ್ಲೆಂಡಿನ ಫೋಟೊದಲ್ಲಿ ಕಪ್ಪು ವೃತ್ತವಾಗಿ ಮಾತ್ರ ಕಾಣುವ ಜಾಗದಲ್ಲಿ ಎಂಥ ಲೋಹವಿದೆ, ಬಿಸಿಗೆ ಅದರ ಬಣ್ಣ ಹೇಗೆ ತಿರುಗಿರುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ನನ್ನ ಮಾದರಿಯ ಹಿಂಬದಿಗೆ ಬಣ್ಣ ಹಾಕಿದ್ದು ಹಾಗೆ ನೋಡಿ ಬಂದ ಮೇಲೆಯೇ.

ಬಣ್ಣದ ಡಬ್ಬಿ, ಹುಬ್ಬಳ್ಳಿ

ನೀಲಿ ಹಕ್ಕಿ ಅವರೇ, ಕೆ7 ಲೋಹದ ಮೈ, ಬಣ್ಣ ನೀಲಿ, ನಿಮ್ಮ ಕೆಲಸ ರಿವೆಟ್‌ಗಳದ್ದು. ತುಂಗಾತೀರ ಅವರ ಕಷ್ಟ ಬೇರೆ. ಸ್ಲೋ-ಮೋ-ಶನ್‌ನ ಮೇಲ್ಭಾಗ ವಾರ್ನಿಷ್ ಹಾಕಿದ ಮಹಾಗನಿ. ಅಸಲು ಮಹಾಗನಿಯನ್ನೇ ತಂದು ಅಂಟಿಸಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಮರದ ಎಳೆ 1:8ಕ್ಕೆ ಇಳಿಯುವುದಿಲ್ಲ. ಮೂರೂವರೆ ಅಡಿಯ ದೋಣಿಯ ಮೇಲೆ ಅಸಲು ಎಳೆ ಬಾಗಿಲ ಹಲಗೆಯ ತುಂಡಿನಂತೆ ಕಾಣುತ್ತದೆ. ತೇಗವೂ ಆಗದು, ಬೀಟೆ ಅತಿ ಕಪ್ಪು. ಎಳೆಯೇ ಕಾಣದಷ್ಟು ನಯವಾದ ಮರ ಬೇಕು. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರದ ತೆಳು ಪಟ್ಟಿ ಸೀಳಿಸಿಕೊಳ್ಳಲು ಆದರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಬರ್ಚ್ ಸಾಕು. ಕೆಂಗಂದು ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಪ್ರತಿ ಸಲವೂ 400ರ ಉಪ್ಪುಕಾಗದ, ಕೊನೆಗೆ ನೀರು ಹಾಕಿ 1000. ಮೇಲ್ಮೈ ಗಾಜಿನಂತಾದರೆ ಕೂಡಲೇ ಸಂತೋಷಪಡಬೇಡಿ, ಸ್ವಲ್ಪ ಹೊಳಪು ತಗ್ಗಿಸಿ. ಚಿಕ್ಕ ವಸ್ತುವಿನ ಮೇಲೆ ಪೂರ್ತಿ ಹೊಳಪು ಆಟಿಕೆಯ ಕಳೆ ತರುತ್ತದೆ.

ಅಕ್ಷರಗಳ ವಿಷಯ ನನಗೆ ತುಂಬಾ ಮುಖ್ಯ. ಆ ಕಾಲದ ದೋಣಿಗಳ ಹೆಸರುಗಳನ್ನು ಬರೆಯುತ್ತಿದ್ದವರು ಕುಂಚ ಹಿಡಿದ ಕಲಾವಿದರು. ಕಂಪ್ಯೂಟರ್ ಅಕ್ಷರ ಕತ್ತರಿಸಿ ಅಂಟಿಸಿದರೆ ಎಲ್ಲವೂ ಸರಿಯಾಗಿದ್ದೂ ಜೀವ ಇರುವುದಿಲ್ಲ. ಫೋಟೊದಲ್ಲಿರುವ ಅಕ್ಷರವನ್ನೇ ದೊಡ್ಡದು ಮಾಡಿ, ಅದರ ಓರೆಕೋರೆ ಸಹಿತ ಎಳೆದುಕೊಂಡು ಕುಂಚದಲ್ಲಿ ತುಂಬಿ. ನಮ್ಮ ಊರಿನಲ್ಲಿ ಲಾರಿಗಳ ಮೇಲೆ ಬರೆಯುವ ಕಲಾವಿದರೊಬ್ಬರಿಗೆ ಚಿತ್ರ ತೋರಿಸಿ ನನ್ನ ದೋಣಿಯ ಹೆಸರು ಬರೆಸಿದೆ. ಇಂಗ್ಲಿಷ್ ಓದಲು ಬಾರದ ಅವರು ಆ ಅಕ್ಷರದ ವಾಲುವಿಕೆಯನ್ನು ಒಂದೇ ಎಳೆತಕ್ಕೆ ಹಿಡಿದರು. ‘ಯು-27’ ಎಂಬ ಸಂಖ್ಯೆಯನ್ನು ಮರೆಯಬೇಡಿ. ‘ಯು-37’ ಇದ್ದದ್ದು ಅದೇ ಮಾಲೀಕರ ಇನ್ನೊಂದು ದೋಣಿ ಸ್ಲೋ-ಮೋ-ಶನ್ 5ಕ್ಕೆ.

ಕಡಲತಡಿ

ಮಳೆಗಾಲದಲ್ಲಿ ಲ್ಯಾಕರ್ ಹೊಡೆಯಬೇಡಿ ಎಂಬ ಮಾತನ್ನು ಸೇರಿಸಿಕೊಳ್ಳಿ. ನಮ್ಮ ಕರಾವಳಿಯ ತೇವಕ್ಕೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಶಿವಮೊಗ್ಗದ ಮಳೆಯೂ ಕಡಿಮೆಯೇನಲ್ಲ. ಬಣ್ಣದ ಕೆಲಸವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಓಡಿಸುವ ವೇಗದ ಬಗ್ಗೆ: ಮಾದರಿಯ ಚಲನೆ ನೋಡಲು ಅಸಲಿನಂತಿರಬೇಕಾದರೆ ವೇಗವನ್ನು ಎಂಟರಿಂದ ಭಾಗಿಸುವುದಲ್ಲ, ಎಂಟರ ವರ್ಗಮೂಲದಿಂದ ಭಾಗಿಸಬೇಕು. 258 ಕಿಲೋಮೀಟರಿಗೆ ಸುಮಾರು 91 ಬರುತ್ತದೆ. ಬ್ರಶ್‌ಲೆಸ್ ಮೋಟರ್, ಲಿಪೊ ಬ್ಯಾಟರಿಗೆ ಅದು ಅಸಾಧ್ಯವಲ್ಲ, ಆದರೆ ಮೊದಲ ದೋಣಿಗೆ ಅರ್ಧ ವೇಗವೇ ಸಾಕು. ನೀರಿನ ಹನಿ ಮಾತ್ರ ಚಿಕ್ಕದಾಗುವುದಿಲ್ಲ. ಹಾಗಾಗಿ ಹಿಂದಿನ ಬಾಲ ಎಂದೂ ಅಸಲಿನಷ್ಟು ನುಣ್ಣಗೆ ಕಾಣದು.

ಇನ್ನೊಂದು ವಿಚಾರದಲ್ಲಿ ಈಗಲೇ ಯೋಚಿಸಿ. ಅಸಲು ದೋಣಿಗಳ ರೇಸು ಅಪ್ರದಕ್ಷಿಣವಾಗಿ, ಎಡಕ್ಕೆ ತಿರುಗುತ್ತಾ ನಡೆಯುತ್ತದೆ. ಅಮೆರಿಕದ ರೇಡಿಯೊ ನಿಯಂತ್ರಿತ ದೋಣಿಗಳ ರೇಸು ಪ್ರದಕ್ಷಿಣವಾಗಿ, ಬಲಕ್ಕೆ. ಅದಕ್ಕಾಗಿ ಅಲ್ಲಿನ ಮಾದರಿಗಳಲ್ಲಿ ತಿರುವಿನ ಅಲಗು (ತಿರುಗುವಾಗ ದೋಣಿ ಪಕ್ಕಕ್ಕೆ ಜಾರದಂತೆ ನೀರನ್ನು ಹಿಡಿಯುವ ತಗಡು) ಬಲದ ಸ್ಪಾನ್ಸನ್‌ಗೆ ಬಂದಿರುತ್ತದೆ. ಅಂಥ ಮಾದರಿಯ ಚಿತ್ರ ನೋಡಿ ನಕಲು ಮಾಡಿದರೆ ಅಲಗು ತಪ್ಪು ಬದಿಗೆ ಕೂರುತ್ತದೆ. ನಿಮಗೆ ಸ್ಪರ್ಧೆಯ ಹಂಗಿಲ್ಲವಲ್ಲ, ನೀವು ಆರಿಸಿದ ದಿನದ ಫೋಟೊ ಏನು ಹೇಳುತ್ತದೋ ಹಾಗೆ ಮಾಡಿ, ಎಡಕ್ಕೇ ತಿರುಗಿಸಿ ಓಡಿಸಿ.

ನೀರು ಎಲ್ಲಿ ಎಂಬುದೂ ದೊಡ್ಡ ಪ್ರಶ್ನೆ. ಕೃಷಿ ಹೊಂಡ ಈ ವೇಗಕ್ಕೆ ತೀರ ಚಿಕ್ಕದು. ಕೆರೆಯಾದರೆ ಅಂತರಗಂಗೆ ಇಲ್ಲದ ಕೆರೆ ಬೇಕು, ಒಂದು ಬೇರು ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಮೋಟರ್ ಸುಟ್ಟುಹೋಗುತ್ತದೆ. ಪಂಚಾಯಿತಿಯವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ, ಜನ ಈಜುವ ಹೊತ್ತಿನಲ್ಲಿ ಓಡಿಸಲೇಬೇಡಿ. ಮೂರೂವರೆ ಅಡಿಯ ದೋಣಿ ಆ ವೇಗದಲ್ಲಿ ಬಡಿದರೆ ಮೂಳೆ ಮುರಿಯುತ್ತದೆ.

ತುಂಗಾತೀರ

ಎಲ್ಲರ ಮಾತನ್ನೂ ಓದಿ ತೀರ್ಮಾನಿಸಿದ್ದೇನೆ. ದಿನ 1950ರ ಜೂನ್ 26. ಒಡಲು, ಮೇಲ್ಭಾಗ ಮರದಲ್ಲಿ. ಸ್ಪಾನ್ಸನ್‌ಗೆ ಪ್ರಿಂಟ್ ಮಾಡಿದ ಅಚ್ಚು, ಮೇಲೆ ಪ್ಲೈ. ಆಲಿಸನ್ ಇಂಜಿನ್ ಪದರ ಪದರ ಅವರು ಹೇಳಿದಂತೆ ರೆಸಿನ್‌ನಲ್ಲಿ. ಗ್ರಾನೈಟ್ ತುಂಡಿಗೆ ನಾಳೆ ಹೋಗುತ್ತೇನೆ. ಚಿತ್ರಗಳನ್ನು ಬೇರ್ಪಡಿಸಲು ಕೂತಾಗ, ಅಂದವಾಗಿದೆ ಎಂದು ಮೊದಲು ಇಷ್ಟಪಟ್ಟಿದ್ದ ಹೆಚ್ಚಿನವು 1950ರ ನಂತರದವು ಎಂದು ತಿಳಿಯಿತು. ಅವನ್ನು ಬದಿಗಿಟ್ಟೆ. ಒಂದು ಸಂದೇಹ ಉಳಿದಿದೆ: ಚಾಲಕನ ಜಾಗದಲ್ಲಿ ಎಷ್ಟು ಆಸನ ಮಾಡಬೇಕು?

ಸರೋವರದ ದಡ

ಎರಡು. ಆಗ ಚಾಲಕನ ಪಕ್ಕದಲ್ಲಿ ಮೆಕ್ಯಾನಿಕ್ ಕೂಡ ಕುಳಿತು ಓಡುತ್ತಿದ್ದ ಕಾಲ. ಇಬ್ಬರೂ ಕೂರುವುದು ಇಂಜಿನ್ನಿನ ಹಿಂದೆ, ತೆರೆದ ಜಾಗದಲ್ಲಿ. ಗಾಜಿನ ಮುಚ್ಚಳ ಹಾಕಬೇಡಿ.

ಹಳೇ ಲೇತ್

ಗ್ರಾನೈಟ್ ತರುವಾಗ ಉಕ್ಕಿನ ಅಳತೆಪಟ್ಟಿ ಒಯ್ಯಿರಿ. ಮೇಲೆ ಅಡ್ಡಲಾಗಿಟ್ಟು ಹಿಂದಿನಿಂದ ಮೊಬೈಲ್ ಬೆಳಕು ಬಿಟ್ಟು ನೋಡಿ. ಎಲ್ಲಿಯೂ ಬೆಳಕು ಇಣುಕದ ತುಂಡನ್ನೇ ಕೇಳಿ ತನ್ನಿ. ಚೌಕಟ್ಟು ನಿಂತ ಮೇಲೆ, ಪ್ಲೈ ಹೊದಿಸುವ ಮೊದಲು, ಇಲ್ಲಿ ಚಿತ್ರ ಹಾಕಿ.